ಅಯ್ಯನವರು ಪೀಠ ಇಳಿದ ಡಿಸೆಂಬರು

ಡಿಸೆಂಬರ್ 1, 2024, ಭಾನುವಾರ. ಮದ್ದೂರು

ಈ ಡೈರಿಯನ್ನು ಜನವರಿಯಲ್ಲಿ ಸೊಸೈಟಿಯವರು ನಮ್ಮ ಯಜಮಾನರಿಗೆ ಕೊಟ್ಟಿದ್ದು. ಹನ್ನೊಂದು ತಿಂಗಳು ಯಾರೂ ಮುಟ್ಟಿರಲಿಲ್ಲ. ಇವತ್ತು ನಾನು ತೆಗೆದುಕೊಂಡೆ. ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕು, ಹೇಳಿಕೊಳ್ಳುವಂಥವರು ಯಾರೂ ಇಲ್ಲ. ಚರ್ಚಿನ ಅಯ್ಯನವರ ಹೆಂಡತಿಯಾದವಳು ಸಭೆಯವರಲ್ಲಿ ಯಾರ ಮುಂದೆ ತನ್ನ ಗಂಡನ ಮಾತು ಆಡುತ್ತಾಳೆ?

ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಇವತ್ತು ಮೊದಲನೆಯದು. ಬೆಳಿಗ್ಗೆಯಿಂದ ಜಡಿಮಳೆ. ಆದರೂ ನಮ್ಮ ಮೂವತ್ತೆರಡು ಮನೆಗಳಲ್ಲಿ ಇಪ್ಪತ್ತು ಮನೆಯವರು ದೇವಾಲಯಕ್ಕೆ ಬಂದಿದ್ದರು. ಇವರು ಬಿಳಿ ನಿಲುವಂಗಿಯಲ್ಲಿ ಪೀಠ ಹತ್ತಿದರು, ಬೈಬಲಿನಿಂದ ವೇದಪಾಠ ಓದಿದರು, ಪುಸ್ತಕ ಮುಚ್ಚಿದರು. ಆಮೇಲೆ ಉಪದೇಶ ಶುರು ಮಾಡುವ ಬದಲು, "ಇವತ್ತು ನನ್ನ ಹತ್ತಿರ ಪ್ರಸಂಗ ಇಲ್ಲ. ಹತ್ತು ನಿಮಿಷ ಸುಮ್ಮನೆ ಕೂತಿರೋಣ" ಎಂದರು.

ಜ್ವರ ಬಂದಿರಬೇಕು ಅಂದುಕೊಂಡೆ. ಹಿಂದೆ ಯಾರೋ ಕೆಮ್ಮಿದರು. ಮಕ್ಕಳು ತಿರುಗಿ ತಿರುಗಿ ನೋಡಿದವು. ಕೊನೆಗೆ ಸಭೆಯ ಕಾರ್ಯದರ್ಶಿ ಪುಟ್ಟರಾಜು ಮೇಷ್ಟ್ರು ಎದ್ದು ಒಂದು ಕೀರ್ತನೆ ಶುರು ಮಾಡಿ ಹೇಗೋ ದಾಟಿಸಿದರು.

ಮನೆಗೆ ಬಂದವರು ನಿಲುವಂಗಿಯನ್ನು ಬಿಚ್ಚಿ, ಮಡಿಸಿ, ನನ್ನ ಕೈಗೆ ಕೊಟ್ಟರು. ಯಾವತ್ತೂ ಮಡಿಸಿಕೊಟ್ಟವರಲ್ಲ. ರಾಜೀನಾಮೆ ಬರೆದಾಗಿದೆ, ನಾಳೆ ಮೈಸೂರಿಗೆ ಹೋಗಿ ಹಿರಿಯರ ಕೈಗೆ ಕೊಟ್ಟು ಬರುತ್ತೇನೆ ಎಂದರು. ನಲವತ್ತೊಂಬತ್ತು ವರ್ಷದ ಮನುಷ್ಯ, ಇಪ್ಪತ್ತೊಂದು ವರ್ಷ ಇದೇ ಕೆಲಸ ಮಾಡಿದವರು, ಪೇಟೆಗೆ ಹೋಗಿ ಬರುತ್ತೇನೆ ಎನ್ನುವ ಹಾಗೆ ಹೇಳಿದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹೋಗಿ ಸಾರು ತಿರುವಿದೆ.

ಡಿಸೆಂಬರ್ 3, ಮಂಗಳವಾರ

ಕಾಗದ ಕೊಟ್ಟಾಯಿತು.

ಇವತ್ತು ಕಾರಣ ಹೇಳಿದರು. ನಿಡಘಟ್ಟದ ಚಲುವಮ್ಮನ ಮಗಳು ದೀಪಿಕ ಅಕ್ಟೋಬರಿನಲ್ಲಿ ಕಿಡ್ನಿ ಸೋತು ತೀರಿಕೊಂಡಳು. ಇಪ್ಪತ್ತೊಂಬತ್ತು ವರ್ಷ, ಆರು ವರ್ಷದ ಹೆಣ್ಣುಮಗು. ಗಂಡ ಬಿಟ್ಟುಹೋಗಿ ಎಷ್ಟೋ ವರ್ಷವಾಗಿತ್ತು. ಅವಳು ಮಂಡ್ಯದ ಆಸ್ಪತ್ರೆಯಲ್ಲಿದ್ದ ನಲವತ್ತು ದಿನವೂ ಇವರು ಹೋಗಿ ಮಂಚದ ಪಕ್ಕ ನಿಂತು ಪ್ರಾರ್ಥನೆ ಮಾಡಿದರು. ಎದ್ದು ಬರುತ್ತಾಳೆ, ನಂಬಿ ಎಂದು ಚಲುವಮ್ಮನಿಗೆ ದಿನಾ ಹೇಳಿದರು. ಅವಳು ಎದ್ದು ಬರಲಿಲ್ಲ. ಮಣ್ಣು ಮಾಡಿದ ದಿನದಿಂದ ಚಲುವಮ್ಮ ಆರಾಧನೆಗೆ ಬಂದಿಲ್ಲ.

"ಸುಳ್ಳು ಹೇಳ್ಬೇಕು ಅಂತ ಹೇಳ್ಲಿಲ್ಲ, ಅಮೃತಾ. ನಂಗೆ ಗೊತ್ತಿಲ್ದೇ ಇದ್ದಿದ್ದನ್ನ ಗೊತ್ತಿರೋ ಹಂಗೆ ಹೇಳ್ಬಿಟ್ಟೆ. ಇನ್ನೊಂದ್ಸಲ ಆ ಪೀಠದ ಮೇಲೆ ನಿಂತು ಹಂಗೆ ಹೇಳಕ್ಕೆ ನನ್ ಕೈಲಾಗಲ್ಲ."

ನನಗೆ ಅಯ್ಯೋ ಅನ್ನಿಸಬೇಕಿತ್ತು. ಸಿಟ್ಟು ಬಂತು. ಹಲಗೂರಿನಲ್ಲಿ ನನ್ನಪ್ಪ ಸೈಕಲ್ ಮೇಲೆ ಸುವಾರ್ತೆ ಸಾರಿದವರು. ಅಳಿಯನ ಪ್ರಸಂಗ ಕೇಳಿಯೇ ಮಗಳನ್ನು ಕೊಟ್ಟೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವರು. ಹಾಗಾದರೆ ನಾನು ಇನ್ನು ಮುಂದೆ ಯಾರು ಎಂದು ಕೇಳಿದೆ. ಕೇಳಿದ ಮೇಲೆ ನಾಚಿಕೆಯಾಯಿತು. ಇವರು ಬೇಸರ ಮಾಡಿಕೊಳ್ಳಲಿಲ್ಲ. ಯೋಚನೆ ಮಾಡುವ ಹಾಗೆ ನನ್ನ ಮುಖ ನೋಡಿದರು.

ಡಿಸೆಂಬರ್ 6, ಶುಕ್ರವಾರ

ಸಭೆಯ ಸಮಿತಿಯವರು ಬಂದು ಹೋದರು. ಹೊಸ ಅಯ್ಯನವರು ಬರುವುದು ಜನವರಿ ಕಳೆದ ಮೇಲಂತೆ, ಅಲ್ಲಿಯವರೆಗೂ ಸಭೆಯ ಈ ಮನೆಯಲ್ಲೇ ಇರಬಹುದಂತೆ. ಭಾನುವಾರ ಆರಾಧನೆ ನಡೆಸುವವರು ಯಾರು ಎಂಬ ಮಾತು ಬಂತು. ಕೀರ್ತನೆ ಹೇಗೋ ಆಗುತ್ತದೆ, ವೇದಪಾಠ ಓದುವವರಿಲ್ಲ. ಪುಟ್ಟರಾಜು ಮೇಷ್ಟ್ರಿಗೆ ಕಣ್ಣಿನ ಪೊರೆ ತೆಗೆದು ಇನ್ನೂ ವಾರವಾಗಿಲ್ಲ. ಅವರು ನನ್ನ ಕಡೆ ತಿರುಗಿ, ಅಮ್ಮನವರೇ ಓದಲಿ ಎಂದರು.

ನನ್ನ ಕೈಲಿ ಆಗುವುದಿಲ್ಲ ಎಂದೆ. ಹೆಂಗಸರ ಕೂಟದಲ್ಲಿ ಒಂದು ಪ್ರಕಟಣೆ ಓದಬೇಕಾದರೂ ಪಕ್ಕದವಳ ಕೈಗೆ ದಾಟಿಸುವವಳು ನಾನು. ಇವರೇನಾದರೂ ಹೇಳುತ್ತಾರಾ ಎಂದು ನೋಡಿದೆ. ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಡಿಸೆಂಬರ್ 8, ಭಾನುವಾರ

ಓದಿದೆ. ಎರಡು ಕಡೆ ತಪ್ಪಿತು.

ಇವರು ಬಾಗಿಲ ಪಕ್ಕದ ಬೆಂಚಿನಲ್ಲಿ, ಮಕ್ಕಳ ಜೊತೆ ಕೂತಿದ್ದರು. ಸಾದಾ ನೀಲಿ ಶರ್ಟು. ಎಲ್ಲರೂ ಕತ್ತು ತಿರುಗಿಸಿ ಇವರನ್ನೇ ನೋಡುತ್ತಿದ್ದರು. ನಾನಾಗಿದ್ದರೆ ತಲೆನೋವು ಎಂದು ಮನೆಯಲ್ಲಿ ಉಳಿಯುತ್ತಿದ್ದೆ. ಇವರು ತಲೆ ಎತ್ತಿಕೊಂಡು ಕೂತು ಕೀರ್ತನೆ ಹಾಡಿದರು, ನನ್ನ ಓದನ್ನು ಪೂರ್ತಿ ಕೇಳಿಸಿಕೊಂಡರು. ಎಂಥ ಧೈರ್ಯ ಬೇಕು ಅದಕ್ಕೆ.

ಡಿಸೆಂಬರ್ 10, ಮಂಗಳವಾರ

ಇವತ್ತಿನಿಂದ ಹೊಸ ಕೆಲಸ. ಮಳವಳ್ಳಿ ರಸ್ತೆಯ ನಯಾಜ್ ಪಾಷಾ ಅವರ ಮೋಟರ್ ವೈಂಡಿಂಗ್ ಅಂಗಡಿ. ಪಾಷಾ ಮತ್ತು ಇವರು ಮಂಡ್ಯದ ಐಟಿಐನಲ್ಲಿ ಒಂದೇ ಬೆಂಚಿನವರು. ಇವರು ದೇವರ ಸೇವೆ ಎಂದು ಬೇರೆ ದಾರಿ ಹಿಡಿದರು, ಪಾಷಾ ಅಂಗಡಿ ಹಾಕಿದರು. ಪರಿಚಯ ಮಾತ್ರ ಬಿಟ್ಟಿರಲಿಲ್ಲ.

ಬುತ್ತಿ ಕೊಡುವ ನೆಪದಲ್ಲಿ ಮಧ್ಯಾಹ್ನ ಹೋಗಿ ನೋಡಿದೆ. ಸುಟ್ಟುಹೋದ ಪಂಪ್‌ಸೆಟ್ ಮೋಟರ್ ಒಂದನ್ನು ಬಿಚ್ಚಿ ನೆಲದಲ್ಲಿ ಕೂತು ಹಳೆಯ ತಂತಿ ಕೀಳುತ್ತಿದ್ದರು. ಕೈಯೆಲ್ಲ ಕರಿ. ಪಾಷಾ ನನಗೆ ಸ್ಟೂಲು ಹಾಕಿ, "ಅಮ್ಮಾರೆ, ಒಂದ್ ಕಷ್ಟ ಆಗೈತೆ. ಅಯ್ನೋರು ಎದುರ್ಗೆ ಕೂತ್ರೆ ನನ್ ಬಾಯಲ್ಲಿ ಬೈಗುಳ ಬರಲ್ಲ. ಬೈಗುಳ ಇಲ್ದೆ ಗಿರಾಕಿಗಳ್ನ ಹೆಂಗೆ ನಿಭಾಯ್ಸೋದು?" ಎಂದರು. ಇವರು ನಕ್ಕರು. ಎಷ್ಟು ದಿನವಾಗಿತ್ತು ಇವರು ನಕ್ಕು.

ಸಂಜೆ ಮೈಯೆಲ್ಲ ವಾರ್ನಿಷ್ ವಾಸನೆ ಹೊತ್ತು ಬಂದರು. ಇಪ್ಪತ್ತೈದು ವರ್ಷದ ಹಿಂದೆ ಕಲಿತದ್ದು ಮರೆತಿಲ್ಲವಂತೆ, ಬೆರಳಿಗೆ ನೆನಪಿದೆಯಂತೆ. ಎರಡು ಮುದ್ದೆ ಉಂಡರು.

ಡಿಸೆಂಬರ್ 11, ಬುಧವಾರ

ಬೆಳಿಗ್ಗೆ ಜಗಳ. ಕಾಫಿ ಕೊಡುವಾಗ ತಡೆಯಲಾರದೆ ಕೇಳಿಬಿಟ್ಟೆ: ನಿಮಗೆ ದೇವರ ಮೇಲೆ ನಂಬಿಕೆ ಇದೆಯೋ ಇಲ್ಲವೋ? ಗೊತ್ತಿಲ್ಲ ಎಂದರು. ಬೆಳಿಗ್ಗೆ ಎದ್ದಾಗ ಬಾಯಿಗೆ ಪ್ರಾರ್ಥನೆ ತಾನಾಗಿ ಬರುತ್ತದಂತೆ. ಯಾರಿಗೆ ಹೇಳುತ್ತಿದ್ದೇನೆ ಎಂದು ತಮ್ಮನ್ನೇ ಕೇಳಿಕೊಂಡರೆ ಅಲ್ಲಿಗೆ ನಿಂತುಹೋಗುತ್ತದಂತೆ.

ನೀವೇ ಹೀಗಂದರೆ ನಾನು ಹೇಗೆ ನಂಬಲಿ ಎಂದೆ.

"ನನ್ ನಂಬಿಕೆ ಇಟ್ಕೊಂಡು ನೀನು ಬದುಕ್ತಿದ್ದೆ ಅಂತ ನಂಗೆ ಯಾವತ್ತೂ ಅನ್ಸಿಲ್ಲ" ಎಂದರು. "ನಿಂದು ನಿಂಗೇ ಇತ್ತು. ನನಗಿಂತ ಗಟ್ಟಿ ಇತ್ತು."

ಸಮಾಧಾನಕ್ಕೆ ಹೇಳಿದ್ದು. ಆದರೂ ಪಾತ್ರೆ ತೊಳೆಯುವಾಗ ಅದೇ ತಲೆಯಲ್ಲಿ.

ಡಿಸೆಂಬರ್ 12, ಗುರುವಾರ

ಪೇಟೆಯಲ್ಲಿ ಸೊಪ್ಪು ತೆಗೆದುಕೊಳ್ಳುವಾಗ ನಮ್ಮ ಸಭೆಯ ಹೆಂಗಸೊಬ್ಬಳು, ಹೆಸರು ಬೇಡ, ಪಕ್ಕದವಳಿಗೆ ನನಗೆ ಕೇಳುವ ಹಾಗೆ ಹೇಳಿದಳು. ಅಯ್ನೋರು ಸಾಬರ ಅಂಗಡಿ ಸೇರವ್ರಂತೆ, ಇನ್ನು ಟೋಪಿ ಹಾಕ್ಕಳದೊಂದು ಬಾಕಿ ಎಂದು. ನಾನು ತಿರುಗಿ, "ಅವ್ರು ಮೋಟರ್ ಕಟ್ತಾರೆ ಕಣಮ್ಮ. ನಿಮ್ಮದು ಸುಟ್ಟೋದ್ರೆ ತಗೊಂಡ್ ಬನ್ನಿ, ಚೆನ್ನಾಗಿ ಕಟ್ಟಿಕೊಡ್ತಾರೆ" ಎಂದೆ. ಬಾಯಿಗೆ ಹೇಗೆ ಬಂತೋ.

ಡಿಸೆಂಬರ್ 14, ಶನಿವಾರ

ನಿಡಘಟ್ಟಕ್ಕೆ ಹೋಗಿ ಬಂದೆ.

ಇವರು ಬಸ್ ಸ್ಟ್ಯಾಂಡಿನವರೆಗೂ ಬಂದು ನಿಂತರು. ಬರಬೇಕು ಅಂತ ಆಸೆ, ಹೆಜ್ಜೆ ಏಳುತ್ತಿಲ್ಲ, ನೀನು ಹೋಗಿ ಬಾ ಎಂದರು. ಹಾಗೆ ಒಪ್ಪಿಕೊಳ್ಳುವ ಗಂಡಸನ್ನು ನಾನು ಬೇರೆಲ್ಲೂ ನೋಡಿಲ್ಲ.

ಚಲುವಮ್ಮ ಜಗಲಿಯಲ್ಲಿ ಅವರೆಕಾಳು ಹಿತುಕುತ್ತಾ ಕೂತಿದ್ದರು. ಮೊಮ್ಮಗಳು ಗಗನ ಸಿಪ್ಪೆಗಳನ್ನು ಒಂದರೊಳಗೊಂದು ಸೇರಿಸಿಕೊಂಡು ಆಡುತ್ತಿದ್ದಳು. ಚಲುವಮ್ಮ ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ನಾನೂ ಕೂತು ಬಟ್ಟಲಿಗೆ ಕೈ ಹಾಕಿದೆ. ಕಾಲು ಗಂಟೆಯಾದ ಮೇಲೆ ಅವರೇ ಮಾತಾಡಿದರು.

"ಅಯ್ನೋರು ಎದ್ ಬತ್ತಾಳೆ ಅಂದ್ರು. ನಾನು ಅದ್ನೇ ನೆಚ್ಕಂಡು ಮಗಳಿಗೆ ಒಂದ್ ಮಾತೂ ಏಳ್ಕಳ್ನಿಲ್ಲ ಕಣಮ್ಮ. ಓಯ್ತಾಳೆ ಅಂತ ಗೊತ್ತಿದ್ರೆ ಪಕ್ದಲ್ಲಿ ಕುಂತ್ಕಂಡು ಮಾತಾಡ್ತಿರ್ನಿಲ್ವಾ ನಾನು?"

ನಾನು ಇನ್ನೊಂದು ಹಿಡಿ ಕಾಳು ತೆಗೆದುಕೊಂಡೆ. ಬಂದೋರು ಪ್ರಾರ್ಥನೆ ಮಾಡಲ್ವಾ ಎಂದು ಅವರೇ ಕೇಳಿದರು. ಇವರ ಹಾಗೆ ಮಾತು ಜೋಡಿಸಲು ನನಗೆ ಬರುವುದಿಲ್ಲ. ತಂದೆಯೇ, ಚಲುವಮ್ಮ ಮಗಳಿಗೆ ಹೇಳಬೇಕಾಗಿದ್ದ ಮಾತು ಒಳಗೇ ಉಳಿದಿದೆ, ನೀನು ಕೇಳಿಸಿಕೋ ಎಂದೆ. ಆಮೆನ್ ಅನ್ನುವ ಮೊದಲೇ ಅವರು ಶುರು ಮಾಡಿದರು. ದೀಪು, ಅಂತ ಕರೆದು. ನಿನ್ನ ಹೊಸ ಸೀರೆಯನ್ನು ಯಾರಿಗೂ ಕೊಟ್ಟಿಲ್ಲ ಅಂದರು. ಗಗನ ಶಾಲೆಯಲ್ಲಿ ಲೆಕ್ಕ ಚೆನ್ನಾಗಿ ಮಾಡುತ್ತಾಳೆ ಅಂದರು. ಸಣ್ಣವಳಿದ್ದಾಗ ಒಂದು ಸಲ ವಿನಾಕಾರಣ ಹೊಡೆದಿದ್ದೆ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಅಂದರು. ಅರ್ಧ ಗಂಟೆ ಮಾತಾಡಿದರು, ಅತ್ತರು. ನಾನೇನೂ ಮಾಡಲಿಲ್ಲ. ಕಾಳು ಹಿತುಕಿದೆ.

ಹೊರಡುವಾಗ ಒಂದು ಡಬ್ಬಿ ಹಿತುಕಿದ ಬೇಳೆ ಕೊಟ್ಟರು.

ಚಲುವಮ್ಮ ಹೇಳಿದ್ದನ್ನು ಇವರಿಗೆ ಮುಚ್ಚಿಡಲೇ ಎಂದು ಬಸ್ಸಿನಲ್ಲಿ ಯೋಚಿಸಿದೆ. ಮುಚ್ಚಿಡಲಿಲ್ಲ. ಕೇಳಿ ಹಿತ್ತಿಲಿಗೆ ಹೋಗಿ ಒಬ್ಬರೇ ನಿಂತಿದ್ದರು.

ಡಿಸೆಂಬರ್ 15, ಭಾನುವಾರ

ವೇದಪಾಠ ಮುಗಿದರೂ ಜನ ಏಳಲಿಲ್ಲ, ಕಾಯುತ್ತಾ ಕೂತರು. ಅದಕ್ಕೇ ಎರಡು ಮಾತು ಹೇಳಿದೆ. ಈ ಸಲ ಯಾರ ಕೈಗೂ ದಾಟಿಸಲಿಲ್ಲ.

ಡಿಸೆಂಬರ್ 17, ಮಂಗಳವಾರ

ಚಲುವಮ್ಮನ ಬಾವಿಯ ಮೋಟರ್ ಸುಟ್ಟುಹೋಗಿದೆ. ಪಕ್ಕದ ಜಮೀನಿನವರು ಗಾಡಿಯಲ್ಲಿ ಹಾಕಿಕೊಂಡು ಪಾಷಾ ಅಂಗಡಿಗೇ ತಂದಿದ್ದಾರೆ. ಮನೆಯಲ್ಲಿ ರೇಷ್ಮೆ ಹುಳು ಮೇಯುತ್ತಿವೆ, ಹಿಪ್ಪುನೇರಳೆ ತೋಟಕ್ಕೆ ನೀರಿಲ್ಲ. ಯಾರ ಮೋಟರ್ ಎಂದು ತಿಳಿದಾಗ ಪಾಷಾ, ಇದು ನನಗಿರಲಿ, ನೀವು ಬೇರೆಯದು ನೋಡಿ ಎಂದರಂತೆ. ಇವರು ಬಿಟ್ಟುಕೊಡಲಿಲ್ಲವಂತೆ.

ಡಿಸೆಂಬರ್ 18, ಬುಧವಾರ

ಮೊದಲು ಸುತ್ತಿದ ಒಂದು ಕಾಯಿಲ್ ಸರಿ ಕಾಣಲಿಲ್ಲವೆಂದು ಪೂರ್ತಿ ಬಿಚ್ಚಿ ಮತ್ತೆ ಸುತ್ತಿದರಂತೆ. ಗಿರಾಕಿಗೆ ಇದೆಲ್ಲ ಗೊತ್ತಾಗಲ್ಲ ಮಾರಾಯ ಎಂದು ಪಾಷಾ ಗೊಣಗಿದರಂತೆ. ನನಗೆ ಗೊತ್ತಾಗುತ್ತಲ್ಲ ಎಂದರಂತೆ ಇವರು.

ಡಿಸೆಂಬರ್ 19, ಗುರುವಾರ

ಪಾಷಾ ಅವರ ಲಗೇಜ್ ಆಟೋದಲ್ಲಿ ಮೋಟರ್ ಜೊತೆ ನಾವಿಬ್ಬರೂ ನಿಡಘಟ್ಟಕ್ಕೆ ಹೋದೆವು. ದಾರಿಯುದ್ದಕ್ಕೂ ಇವರು ಮೋಟರ್ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದರು.

ಚಲುವಮ್ಮ ತೋಟದ ಬದುವಿನ ಮೇಲೆ ನಿಂತು ನೋಡುತ್ತಿದ್ದರು. ಇವರು ಬಾವಿಕಟ್ಟೆಯಲ್ಲಿ ಮೋಟರ್ ಕೂರಿಸಿ, ಪೈಪು ಬಿಗಿದು, ತಂತಿ ಕೊಟ್ಟು, ಕರೆಂಟಿಗೆ ಕಾದರು. ಹನ್ನೆರಡಕ್ಕೆ ಕರೆಂಟು ಬಂತು. ಗುಂಡಿ ಒತ್ತಿದರು. ಪೈಪು ಎರಡು ಸಲ ಕೆಮ್ಮಿ, ಕೆಸರು ಕಾರಿ, ಆಮೇಲೆ ತಿಳಿನೀರು ಸುರಿಯಿತು. ಗಗನ ಓಡಿಬಂದು ಕೈ ಒಡ್ಡಿದಳು.

ಇವರು ಅಲ್ಲಿಂದಲೇ, ಒದ್ದೆ ಕೈಯಲ್ಲೇ ಚಲುವಮ್ಮನ ಮುಂದೆ ಹೋಗಿ ನಿಂತರು. "ಗೊತ್ತಿಲ್ದೇ ಇದ್ದಿದ್ದನ್ನ ಹೇಳ್ಬಿಟ್ಟೆ ಚಲುವಮ್ಮ. ನೀವು ಮಗಳಿಗೆ ಆಡ್ಬೇಕಾಗಿದ್ದ ಮಾತ್ನ ನಾನು ಕಿತ್ಕೊಂಡೆ. ತಪ್ಪಾಯ್ತು."

ಇಪ್ಪತ್ತೊಂದು ವರ್ಷದಲ್ಲಿ ಇವರ ಎಷ್ಟೋ ಪ್ರಸಂಗ ಕೇಳಿದ್ದೇನೆ. ಇಷ್ಟು ಚೆನ್ನಾಗಿ ಯಾವತ್ತೂ ಮಾತಾಡಿರಲಿಲ್ಲ.

ಚಲುವಮ್ಮ ನೀರನ್ನೇ ನೋಡುತ್ತಿದ್ದರು. "ಅದ್ಕಿಂತ ನೀವು ಆಮೇಲಿಂದ ಬರ್ನಿಲ್ವಲ್ಲ, ಅದು ಬೇಜಾರು ನಂಗೆ. ಒಂದಿನ ಬಂದು ತೆಪ್ಪಗೆ ಕುಂತಿದ್ರೂ ಸಾಕಾಗಿತ್ತು" ಎಂದರು. ಆಮೇಲೆ, "ಓಗ್ಲಿ ಬುಡಿ. ನೀರು ಬತ್ತಾ ಅದೆ, ಕೈಕಾಲ್ ತೊಳ್ಕಳಿ. ಉಂಡ್ಕಂಡೇ ಓಗ್ಬೇಕು."

ಉಂಡುಕೊಂಡೇ ಬಂದೆವು.

ಡಿಸೆಂಬರ್ 22, ಭಾನುವಾರ

ಮಂಡ್ಯದಲ್ಲಿ ಮೂರು ದಿನದಿಂದ ಸಾಹಿತ್ಯ ಸಮ್ಮೇಳನ. ಬಸ್ಸೆಲ್ಲ ಆ ಕಡೆಗೇ ತುಂಬಿ ಹೋಗುತ್ತಿವೆ. ಹಳ್ಳಿಗಳಿಂದ ಬರುವವರಿಗೆ ಬಸ್ಸಿಲ್ಲದೆ ಆರಾಧನೆ ಅರ್ಧ ಗಂಟೆ ತಡ. ನಾನು ಅವರಿಗೆ ಕಾದು ಶುರು ಮಾಡಿಸಿದೆ.

ಮುಗಿದ ಮೇಲೆ ಪುಟ್ಟರಾಜು ಮೇಷ್ಟ್ರು ಮನೆಗೆ ಬಂದರು. ಕ್ರಿಸ್ಮಸ್ ದಿನ ಬರುತ್ತೇನೆಂದಿದ್ದ ಮಂಡ್ಯದ ಅಯ್ಯನವರಿಗೆ ಮೂರು ಕಡೆ ಆರಾಧನೆ, ಮದ್ದೂರಿಗೆ ಆಗುವುದಿಲ್ಲವಂತೆ. ಇಪ್ಪತ್ತೊಂಬತ್ತಕ್ಕೆ ಬಂದು ರೊಟ್ಟಿ ದ್ರಾಕ್ಷಾರಸದ ಸಂಸ್ಕಾರ ಕೊಡುತ್ತಾರಂತೆ. ಮೇಷ್ಟ್ರು ಇವರ ಕೈ ಹಿಡಿದುಕೊಂಡರು. ಜಯಶೀಲಯ್ಯನವರೇ, ಇದೊಂದು ದಿನ ಪೀಠ ಹತ್ತಿ, ನಿಮಗೆ ಏನು ಅನ್ನಿಸುತ್ತೋ ಬಿಡುತ್ತೋ, ಜನಕ್ಕೆ ಹಬ್ಬ ಆಗಬೇಕು ಎಂದರು. ಅವರ ಕಣ್ಣಲ್ಲಿ ನೀರು. ಇವರನ್ನು ಪಾಠ ಹೇಳಿದ ಗುರುಗಳಿಗಿಂತ ಹೆಚ್ಚಾಗಿ ಆದರಿಸಿದವರು ಅವರು. ಇವರು ಕೈ ಬಿಡಿಸಿಕೊಳ್ಳಲಿಲ್ಲ. ಒಪ್ಪಿಕೊಂಡುಬಿಡುತ್ತಾರೆ ಅನ್ನಿಸಿತು.

"ಬೇಡ ಮೇಷ್ಟ್ರೇ" ಎಂದೆ ನಾನು. "ಇವರ ಕೈಲಿ ಅದನ್ನ ಮಾಡಿಸ್ಬೇಡಿ. ಇವರು ಇಷ್ಟು ಕಷ್ಟಪಟ್ಟು ನಿಜ ಹೇಳವ್ರೆ. ಹಬ್ಬಕ್ಕೋಸ್ಕರ ಅದನ್ನ ಕೆಡಿಸೋದು ಬೇಡ."

ಮೇಷ್ಟ್ರು ನನ್ನನ್ನೇ ನೋಡಿದರು. ಹಾಗಾದರೆ ಪ್ರಸಂಗ ನಿಮ್ಮದೇ ಆಗಲಿ ಎಂದರು. ಆಗಲಿ ಎಂದೆ. ಆ ಗಳಿಗೆಯಲ್ಲಿ ಇವರನ್ನು ಬಿಡಿಸಿಕೊಂಡರೆ ಸಾಕಾಗಿತ್ತು.

ಡಿಸೆಂಬರ್ 24, ಮಂಗಳವಾರ

ಕಜ್ಜಾಯ ಆಯಿತು, ಕರ್ಜಿಕಾಯಿ ಆಯಿತು. ಪಾಷಾ ಮನೆಗೆ ಒಂದು ಡಬ್ಬಿ, ಮೇಷ್ಟ್ರ ಮನೆಗೆ ಒಂದು.

ಇವರು ಏಣಿ ಹಾಕಿ ದೇವಾಲಯದ ಮುಂದೆ ನಕ್ಷತ್ರ ಕಟ್ಟಿದರು. ಹಳೆಯ ವೈರೆಲ್ಲ ಬದಲಾಯಿಸಿದರು. ಕೆಳಗಿಳಿದು ಬಂದು ತಮ್ಮ ಪ್ರಸಂಗದ ನೋಟ್‌ಪುಸ್ತಕಗಳನ್ನು ನನ್ನ ಮುಂದಿಟ್ಟು, ಉಪಯೋಗಕ್ಕೆ ಬಂದರೆ ನೋಡು ಎಂದರು. ತೆರೆದು ನೋಡಿದೆ. ಅಕ್ಷರ ಮುತ್ತಿನ ಹಾಗೆ. ಒಂದೊಂದೂ ಎಷ್ಟು ಚೆನ್ನಾಗಿವೆ. ಆದರೆ ನಾನು ಹೇಳಬೇಕಾದದ್ದು ಅದರಲ್ಲಿ ಇರಲಿಲ್ಲ. ವಾಪಸು ಕೊಟ್ಟೆ. ಇವರಿಗೆ ಯಾಕೋ ಸಂತೋಷವಾದ ಹಾಗೆ ಕಂಡಿತು.

ಡಿಸೆಂಬರ್ 25, ಬುಧವಾರ

ಎಲ್ಲ ಮನೆಯವರೂ ಬಂದಿದ್ದರು. ಜಾಗ ಸಾಲದೆ ಹುಡುಗರು ಬಾಗಿಲಲ್ಲಿ ನಿಂತರು.

ಪೀಠ ಹತ್ತಲಿಲ್ಲ. ಕೆಳಗೇ, ಮೊದಲ ಬೆಂಚಿನ ಮುಂದೆ ನಿಂತುಕೊಂಡೆ. ಮರಿಯಳ ಗಂಡ ಯೋಸೇಫನ ವಿಷಯ ಹೇಳಿದೆ. ಹಬ್ಬದ ದಿನ ಎಲ್ಲರೂ ಮರಿಯಳ ಮಾತು, ಕುರುಬರ ಮಾತು, ದೂತರ ಮಾತು ಆಡುತ್ತಾರೆ. ಯೋಸೇಫ ಬಡಗಿ. ಇಡೀ ಕಥೆಯಲ್ಲಿ ಅವನು ಬಾಯಿ ಬಿಟ್ಟು ಆಡಿದ ಒಂದೇ ಒಂದು ಮಾತೂ ಬರೆದಿಲ್ಲ. ಮುಂದೇನಾಗುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಯಾರಿಗೂ ಹೇಳಲೂ ಇಲ್ಲ. ಹೊರಡು ಅನ್ನಿಸಿದಾಗ ಹೊರಟ, ಜಾಗ ಹುಡುಕಿದ, ಬಾಗಿಲು ತಟ್ಟಿದ, ದುಡಿದ, ಹೆಂಡತಿ ಮಗುವಿನ ಪಕ್ಕ ಇದ್ದ. ನಮಗೂ ಎಷ್ಟೋ ಸಲ ಏನೂ ಗೊತ್ತಾಗುವುದಿಲ್ಲ. ಆಗ ಪಕ್ಕದಲ್ಲಿ ಇರುವುದೇ ಕೆಲಸ. ದೇವರು ತನ್ನ ಮಗನನ್ನು ಸಾಕಲು ಕೊಟ್ಟಿದ್ದು ಅಂಥವನ ಕೈಗೆ.

ಹೀಗೇನೋ ಹೇಳಿದೆ. ಪೂರ್ತಿ ನೆನಪಿಲ್ಲ. ಬರೆದುಕೊಂಡಿರಲಿಲ್ಲ. ಮಾತಾಡುವಾಗ ಬಾಗಿಲ ಪಕ್ಕದ ಬೆಂಚಿನ ಕಡೆ ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ಇವರು ತಲೆ ತಗ್ಗಿಸಿಕೊಂಡು ಕೈ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಉಗುರಿನ ಕರಿ ಹೋಗಿರಲಿಲ್ಲ.

ಚಲುವಮ್ಮ ಬಂದಿದ್ದರು. ಗಗನ ಹೊಸ ಲಂಗ ಹಾಕಿಕೊಂಡಿದ್ದಳು. ಮೂರನೇ ಸಾಲಿನಲ್ಲಿ ಕೂತು, ಮುಗಿಯುವವರೆಗೂ ಎದ್ದು ಹೋಗಲಿಲ್ಲ. ಸೊಪ್ಪಿನ ಅಂಗಡಿಯ ಮುಂದೆ ಮಾತಾಡಿದ ಹೆಂಗಸು ಬಂದು ನನ್ನ ಕೈ ಹಿಡಿದುಕೊಂಡಳು. ಕ್ಷಮಿಸಿ ಅನ್ನಲಿಲ್ಲ. ಮಗನಿಗೆ ಪರೀಕ್ಷೆ ಇದೆ, ಪ್ರಾರ್ಥನೆಗೆ ಒಂದು ಸಲ ಮನೆಗೆ ಬನ್ನಿ ಎಂದಳು.

ಮಧ್ಯಾಹ್ನ ಪಾಷಾ ಸಂಸಾರ ಸಮೇತ ಊಟಕ್ಕೆ ಬಂದರು. ಅವರ ಹೆಂಡತಿ ಶಮೀಮ್ ಬಾನು, ಇವರು ಅಂಗಡಿಗೆ ಸೇರಿದ ಮೇಲೆ ತಮ್ಮ ಯಜಮಾನರ ಬೈಗುಳ ಅರ್ಧಕ್ಕಿಳಿದಿದೆ ಎಂದು ಸಾಕ್ಷಿ ಹೇಳಿದರು. ಎಲ್ಲರಿಗಿಂತ ಜೋರಾಗಿ ಇವರೇ ನಕ್ಕರು.

ಡಿಸೆಂಬರ್ 31, ಮಂಗಳವಾರ

ಭಾನುವಾರ ಮಂಡ್ಯದ ಅಯ್ಯನವರು ಬಂದು ಸಂಸ್ಕಾರ ಕೊಟ್ಟರು. ನಿನ್ನೆ ಮನೆ ಬದಲಾಯಿಸಿದೆವು. ಇನ್ನೂ ಒಂದು ತಿಂಗಳು ಅವಕಾಶವಿತ್ತು. ಬರುವ ಅಯ್ಯನವರಿಗೆ ಸುಣ್ಣ ಹೊಡೆದ ಮನೆ ಸಿಗಲಿ ಎಂದು ಇವರು ತಡ ಮಾಡಲು ಒಪ್ಪಲಿಲ್ಲ. ಈ ಮನೆ ಚಿಕ್ಕದು, ಅಂಗಡಿಯ ಹಿಂದಿನ ಬೀದಿ. ಅಡುಗೆಮನೆಗೆ ಬೆಳಿಗ್ಗೆ ಬಿಸಿಲು ಬರುತ್ತದೆ.

ಇವತ್ತು ನಾಲ್ಕು ಗಂಟೆಗೆ, ಪಾತ್ರೆಗಳನ್ನು ಇನ್ನೂ ಗೋಣಿಚೀಲದಿಂದ ತೆಗೆಯುತ್ತಿದ್ದೆ, ಹೊರಗೆ ಯಾರೋ ಬೈಕು ನಿಲ್ಲಿಸಿ, ಅಯ್ನೋರ ಮನೆ ಇದೇನಾ ಎಂದು ಕೇಳಿದ್ದು ಕೇಳಿಸಿತು. ತಾಯಿಗೆ ಮಾತು ನಿಂತುಹೋಗಿದೆಯಂತೆ, ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದರಂತೆ. ಅಯ್ನೋರು ಅಂದದ್ದು ಕೇಳಿ ಇವರಿಗೆ ಹೇಗಾಗುತ್ತದೋ ಎಂದು ಒಳಗೆ ನನ್ನ ಕೈ ನಿಂತಿತು. ಇವರು ಒಂದು ಕ್ಷಣವೂ ತಡವರಿಸಲಿಲ್ಲ.

"ಇದೇ ಮನೆ. ನಿಂತಿರಿ, ಕರೀತೀನಿ" ಎಂದು ಒಳಗೆ ತಿರುಗಿ, "ಅಮೃತಾ, ನಿನ್ನ ಕೇಳ್ಕೊಂಡು ಬಂದವ್ರೆ" ಎಂದರು.

ನಾನು ಸೀರೆ ಬದಲಾಯಿಸಿ ಬರುವಷ್ಟರಲ್ಲಿ ಇವರು ಪಾಷಾ ಅವರ ಸ್ಕೂಟರು ತಂದು ನಿಲ್ಲಿಸಿದ್ದರು. ಆ ಮನೆ ತಲುಪಿದ ಮೇಲೆ ತಾವು ಹೊರಗೆ ಜಗಲಿಯಲ್ಲೇ ಉಳಿದರು. ನಾನು ಒಳಗೆ ಹೋಗಿ ಆ ತಾಯಿಯ ಕೈ ಹಿಡಿದುಕೊಂಡು ಕೂತೆ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು, ಹೇಳುವುದೇನಾದರೂ ಇದ್ದರೆ ಈಗಲೇ ಹೇಳಿ, ಅವರಿಗೆ ಕೇಳಿಸುತ್ತದೆ ಎಂದೆ. ಹೇಳಿದರು. ಆಮೇಲೆ ಪ್ರಾರ್ಥನೆಗೆ ಮುಂಚೆ ಬಾಗಿಲ ಹತ್ತಿರ ಹೋಗಿ, ಒಳಗೆ ಬನ್ನಿ ಎಂದು ಇವರನ್ನು ಕರೆದೆ. ಚಪ್ಪಲಿ ಬಿಟ್ಟು ಬಂದು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು.

ಚಿಕ್ಕ ಪ್ರಾರ್ಥನೆ. ಎದ್ದು ಬರುತ್ತಾರೆ ಎಂದು ಹೇಳಲಿಲ್ಲ. ಮುಗಿದಾಗ ಮನೆಯವರೆಲ್ಲ ಆಮೆನ್ ಎಂದರು. ಅವರೆಲ್ಲರದೂ ಆದ ಮೇಲೆ, ಸ್ವಲ್ಪ ತಡವಾಗಿ, ನನ್ನ ಪಕ್ಕದಿಂದ ಇನ್ನೊಂದು ಆಮೆನ್ ಬಂತು. ನಾನು ತಿರುಗಿ ನೋಡಲಿಲ್ಲ.